ನನ್ನ ಸಾರ್ವಕಾಲಿಕ ಮೆಚ್ಚಿನ ಸಿನಿಮಾಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆ, ಆಫೀಸ್ ಕ್ಯಾಂಟೀನು, ರಾತ್ರಿ ಬಸ್ಸು, ಎಲ್ಲೇ ಸಿನಿಮಾ ಮಾತು ಬಂದರೂ ನನಗೆ ಇವೇ ಪ್ರಶ್ನೆಗಳು ಬೀಳುತ್ತವೆ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟರೆ ಮುಂದಿನ ಸಲ ನೇರವಾಗಿ ಜಗಳದಿಂದಲೇ ಶುರು ಮಾಡಬಹುದು. ಒಂದು ಎಚ್ಚರಿಕೆ: ಹಳೇ ಸಿನಿಮಾಗಳ ಕೊನೆಯನ್ನು ಇಲ್ಲಿ ಮುಚ್ಚಿಟ್ಟಿಲ್ಲ. ಐವತ್ತು ವರ್ಷ ಕಾದಿದ್ದೇವೆ, ಸಾಕು.

ಒಂದೇ ಒಂದು ಹೆಸರು ಹೇಳಿ. ಸುತ್ತಿ ಬಳಸಿ ಮಾತಾಡಬೇಡಿ.

ನಾಗರಹಾವು. 1972. ನಿರ್ದೇಶನ ಪುಟ್ಟಣ್ಣ ಕಣಗಾಲ್.

ಅಷ್ಟೊಂದು ಸಿನಿಮಾ ನೋಡಿ ಕೊನೆಗೆ ನಾಗರಹಾವಾ? ಎಲ್ಲರೂ ಹೇಳೋದು ಅದನ್ನೇ ಅಲ್ವಾ?

ಹೌದು, ಎಲ್ಲರೂ ಹೇಳೋದನ್ನೇ. ಎಲ್ಲರೂ ಹೇಳುತ್ತಾರೆ ಅಂತ ಅದನ್ನು ಬಿಟ್ಟು ಬೇರೆ ಹೆಸರು ಹುಡುಕಿದರೆ ಅದು ಬರೀ ಜಂಬ.

ನಮ್ಮದು ಚಿತ್ರದುರ್ಗದ ಕಡೆ. ಆ ಬಂಡೆ, ಆ ಬುರುಜು, ಆ ಬಿಸಿಲು ಕಣ್ಣಿಗೆ ಅಭ್ಯಾಸವಾದದ್ದು. ಹಾಗಾಗಿ ಪಕ್ಷಪಾತ ಇದೆ, ಇಲ್ಲ ಅನ್ನಲ್ಲ. ಆದರೆ ಊರಿನ ಮೋಹ ಒಂದೇ ಆಗಿದ್ದರೆ ಇಷ್ಟು ವರ್ಷ ಬಾಳುತ್ತಿರಲಿಲ್ಲ.

ತ.ರಾ.ಸು. ಅವರ ಮೂರು ಕಾದಂಬರಿಗಳನ್ನು (ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ) ಸೇರಿಸಿ ಮಾಡಿದ ಸಿನಿಮಾ ಇದು. ವಿಷ್ಣುವರ್ಧನ್ ನಾಯಕನಾಗಿ ಬಂದ ಮೊದಲ ಚಿತ್ರ. ಸೈಕಲ್ ಮೇಲೆ ಬಂದು ಹುಡುಗಿಯರನ್ನು ಕಾಡುವ ಜಲೀಲನ ಪಾತ್ರದಲ್ಲಿ ಅಂಬರೀಷ್ ತೆರೆಗೆ ಬಂದದ್ದೂ ಇಲ್ಲೇ. ಚಿಕ್ಕವರಿದ್ದಾಗ ನಾವೆಲ್ಲ ರಾಮಾಚಾರಿ ಕಡೆ. ಪ್ರಿನ್ಸಿಪಾಲರನ್ನೇ ಕಂಬಕ್ಕೆ ಕಟ್ಟಿ ಹಾಕುವ ಹುಡುಗ ಯಾವ ಹುಡುಗನಿಗೆ ಇಷ್ಟ ಆಗಲ್ಲ ಹೇಳಿ?

ಸ್ವಲ್ಪ ದೊಡ್ಡವರಾಗಿ ನೋಡಿದಾಗ ಕಣ್ಣು ರಾಮಾಚಾರಿ ಪ್ರೀತಿಸಿದ ಅಲಮೇಲು ಕಡೆ ಹೋಗುತ್ತದೆ. ಅವಳ ಬದುಕಿನ ಬಗ್ಗೆ ಅವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನ ಮಾಡುತ್ತಾರೆ. ಮನೆಯವರು, ಮೇಷ್ಟ್ರು, ಕೊನೆಗೆ ರಾಮಾಚಾರಿ ಕೂಡ. ಮಾತು ಕೊಟ್ಟೆ, ತ್ಯಾಗ ಮಾಡಿದೆ ಅಂತ ಅವನು ಎದೆ ಸುಟ್ಟುಕೊಂಡು ನಡೆದುಬಿಡುತ್ತಾನೆ. ಆ ತ್ಯಾಗದ ಬಿಲ್ಲು ಕಟ್ಟಿದವಳು ಅಲಮೇಲು. ಹೆಂಡತಿಯನ್ನೇ ದಂಧೆಗೆ ತಳ್ಳುವ ಗಂಡ ಸಿಗುತ್ತಾನೆ ಅವಳಿಗೆ. ಮುಂದೆ ಹೋಟೆಲ್ ಕೋಣೆಯಲ್ಲಿ ಅವಳು ರಾಮಾಚಾರಿಗೆ ಎದುರಾಗುವ ದೃಶ್ಯದಲ್ಲಿ ಆರತಿ ಅವರ ಮುಖವನ್ನು ಒಮ್ಮೆ ಗಮನವಿಟ್ಟು ನೋಡಿ. ಹೀರೋ ಮೇಲಿನ ಅಭಿಮಾನ ಅಲ್ಲೇ ಸ್ವಲ್ಪ ಅಲುಗಾಡುತ್ತದೆ.

ಈಗೀಗ ನೋಡಿದರೆ ನನಗೆ ಕಾಣುವುದು ಚಾಮಯ್ಯ ಮೇಷ್ಟ್ರು. ಅಲಮೇಲುವನ್ನು ಬಿಟ್ಟುಬಿಡು ಅಂತ ಕೇಳುವಾಗ ಮೇಷ್ಟ್ರು ಗದರಿಸುವುದಿಲ್ಲ, ಹೆದರಿಸುವುದಿಲ್ಲ. ಮೆತ್ತಗೆ ಮಾತಾಡುತ್ತಾರೆ. ಇಡೀ ಊರಿಗೆ ಬಗ್ಗದ ಈ ಹುಡುಗ ತನ್ನ ಮಾತಿಗೆ ಮಾತ್ರ ಬಗ್ಗುತ್ತಾನೆ ಅಂತ ಅವರಿಗೆ ಗೊತ್ತು. ಆ ಪ್ರೀತಿಯನ್ನೇ ಅವರು ಬಳಸಿಕೊಳ್ಳುತ್ತಾರೆ. ಮೇಷ್ಟ್ರು ಕೆಟ್ಟವರಾ? ಅಲ್ಲ. ಅದೇ ಕಷ್ಟ. ಕೆ.ಎಸ್. ಅಶ್ವಥ್ ಅವರು ಆ ಪಾತ್ರವನ್ನು ಎಷ್ಟು ಒಳ್ಳೆಯತನದಿಂದ ಮಾಡಿದ್ದಾರೆ ಅಂದರೆ, ಬೆಟ್ಟದ ಮೇಲಿನ ಕೊನೆಯ ದೃಶ್ಯದಲ್ಲಿ ಮೇಷ್ಟ್ರು ಬಿದ್ದು ಸತ್ತಾಗ ತಪ್ಪು ಯಾರದು ಅಂತ ಹೇಳೋಕೆ ಬಾಯಿ ಬರಲ್ಲ.

ಒಂದೇ ಸಿನಿಮಾ. ಮೂರು ವಯಸ್ಸಿನಲ್ಲಿ ಮೂರು ಕಡೆ ನಿಂತಿದ್ದೇನೆ. ಇನ್ನೇನು ಬೇಕು?

ಅಂದರೆ ನಿಮ್ಮ ಅಳತೆಗೋಲು ಅದೇನಾ?

ಅದೇ. ಎರಡನೇ ಸಲ ನೋಡಿದಾಗ ಇನ್ನೊಬ್ಬರ ಪಕ್ಷ ವಹಿಸುವ ಹಾಗೆ ಮಾಡಬೇಕು. ಮೊದಲ ಸಲ ಯಾರನ್ನು ಬೈದಿದ್ದೆನೋ, ಅವರ ಕಷ್ಟ ಈ ಸಲ ಕಾಣಬೇಕು. ಹಾಗೆ ಮಾಡದ ಸಿನಿಮಾಗಳಲ್ಲೂ ಚೆನ್ನಾಗಿರುವವು ಎಷ್ಟೋ ಇವೆ. ಶಿಳ್ಳೆ ಹೊಡೆದು ನೋಡಿ, ಮನೆಗೆ ಬಂದು ಮರೆತಿದ್ದೇನೆ. ಮೆಚ್ಚಿನವು ಅನ್ನುವ ಪಟ್ಟಿಗೆ ಅಷ್ಟು ಸಾಲದು.

ಪ್ರಶಸ್ತಿ, ಕಲೆಕ್ಷನ್, ನೂರು ದಿನದ ಲೆಕ್ಕ ನನಗೆ ಬೇಡ. ಕ್ಯಾಮೆರಾ ಕೆಲಸ, ಎಡಿಟಿಂಗ್ ಎಲ್ಲ ಗಮನಿಸುತ್ತೇನೆ. ಆದರೆ ಮಾರ್ಕ್ಸ್ ಹಾಕಲ್ಲ.

ಪೂರ್ತಿ ಪಟ್ಟಿ ಕೊಡಿ.

ಮೊದಲ ಮೂರಕ್ಕೆ ಮಾತ್ರ ಸ್ಥಾನ ಖಾಯಂ: ನಾಗರಹಾವು, ಘಟಶ್ರಾದ್ಧ, ಕಸ್ತೂರಿ ನಿವಾಸ. ಆಮೇಲಿನವು ಹಬ್ಬಕ್ಕೊಂದು ಸಲ ಹಿಂದೆ ಮುಂದೆ ಆಗುತ್ತವೆ. ತಬರನ ಕಥೆ, ಶರಪಂಜರ, ಭೂತಯ್ಯನ ಮಗ ಅಯ್ಯು, ಹಂಸಗೀತೆ, ಪರಸಂಗದ ಗೆಂಡೆತಿಮ್ಮ, ತಿಥಿ, ಗಣೇಶನ ಮದುವೆ, ಉಳಿದವರು ಕಂಡಂತೆ, ಬೆಟ್ಟದ ಹೂವು. ಹೊರಗಿನವು ಬೇರೆ, ಅವುಗಳ ಮಾತು ಕೆಳಗಿದೆ.

ಅಣ್ಣಾವ್ರ ಸಿನಿಮಾ ಅಂದರೆ ಬಂಗಾರದ ಮನುಷ್ಯ. ನೀವು ಕಸ್ತೂರಿ ನಿವಾಸ ಅಂತೀರಲ್ಲ?

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ನನಗಿಂತ ಹಿರಿಯರು, ಹಾಗಾಗಿ ಹುಷಾರಾಗಿ ಉತ್ತರ ಕೊಡುತ್ತೇನೆ.

ಬಂಗಾರದ ಮನುಷ್ಯ (1972) ದೊಡ್ಡ ಸಿನಿಮಾ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಪಟ್ಟಣ ಬಿಟ್ಟು ಊರಿಗೆ ಹೋಗಿ ಬೇಸಾಯ ಹಿಡಿದ ಹುಡುಗರ ಕಥೆಗಳನ್ನು ಈಗಲೂ ಹೇಳುತ್ತಾರೆ. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯ ಅವರ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ. ‘ಆಗದು ಎಂದು ಕೈಲಾಗದು ಎಂದು’ ಹಾಡು ಬಂದರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಆದರೆ ರಾಜೀವಪ್ಪ ಮೊದಲ ಸಲವೂ ಸರಿ, ಹತ್ತನೇ ಸಲವೂ ಸರಿ. ಅಕ್ಕನ ಮಗ ಕೇಶವ ಮೊದಲ ಸಲವೂ ತಪ್ಪು, ಹತ್ತನೇ ಸಲವೂ ತಪ್ಪು. ನಾನು ನಿಂತ ಜಾಗ ಬದಲಾಗಲೇ ಇಲ್ಲ.

ಕಸ್ತೂರಿ ನಿವಾಸ (1971) ಹಾಗಲ್ಲ. ದೊರೆ-ಭಗವಾನ್ ಜೋಡಿಯ ನಿರ್ದೇಶನ. ಕೇಳಿದವರಿಗೆ ಇಲ್ಲ ಅನ್ನದ ಶ್ರೀಮಂತ, ಕೊಟ್ಟು ಕೊಟ್ಟು ಬರಿಗೈ ಆಗುತ್ತಾನೆ. ಮನೆಯೂ ಹೋಗುತ್ತದೆ. ಕೊನೆಗೆ ಉಳಿದದ್ದು ಒಂದು ಪಾರಿವಾಳ. ಜಯಂತಿ ಅವರ ಪಾತ್ರ ಮನೆಗೆ ಬರುತ್ತದೆ. ಬಂದವರಿಗೆ ಒಂದು ಊಟ ಹಾಕಲೇಬೇಕು. ಆ ಊಟಕ್ಕಾಗಿ ಪಾರಿವಾಳವೂ ಕೈಬಿಟ್ಟು ಹೋಗುತ್ತದೆ. ಊಟವಾದ ಮೇಲೆ ಆಕೆ ಬಾಯಿಬಿಟ್ಟು ಕೇಳುವುದು ಅದೇ ಪಾರಿವಾಳವನ್ನು, ಮಗುವಿಗಾಗಿ. ರಾಜ್‌ಕುಮಾರ್ ಅವರು ಇಲ್ಲಿ ಕಿರುಚುವುದಿಲ್ಲ, ಕೈಕಾಲು ಒದ್ದಾಡಿಸುವುದಿಲ್ಲ. ಜೀವಮಾನದಲ್ಲಿ ಮೊದಲ ಸಲ ‘ಇಲ್ಲ’ ಅನ್ನಬೇಕಾದ ಮನುಷ್ಯನ ಮುಖ ಹೇಗಿರುತ್ತದೋ ಹಾಗೆ ನಿಲ್ಲುತ್ತಾರೆ.

ಚಿಕ್ಕವರಿದ್ದಾಗ ಅದನ್ನು ನೋಡಿ ಅತ್ತಿದ್ದು ಅವನ ದೊಡ್ಡತನಕ್ಕೆ. ಈಗ ನೋಡಿದರೆ ಸಿಟ್ಟೂ ಬರುತ್ತದೆ. ಇಷ್ಟೊಂದು ಕೊಡುವುದರಲ್ಲಿ ಒಂದು ಹಟ ಇದೆ, ಅಲ್ವಾ? ಕೊಡುವವನಾಗಿಯೇ ಉಳಿಯಬೇಕು, ಯಾರಿಂದಲೂ ಏನನ್ನೂ ಕೇಳಬಾರದು ಅನ್ನುವ ಹಟ. ಅದರ ಹೊಡೆತ ಬಿದ್ದದ್ದು ಮನೆಯ ಹಳೇ ಆಳಿನ ಮೇಲೆ. ‘ಆಡಿಸಿ ನೋಡು ಬೀಳಿಸಿ ನೋಡು, ಉರುಳಿ ಹೋಗದು’ ಅಂತ ಗೊಂಬೆ ಹಿಡಿದು ಹಾಡಿದವನು ಕೊನೆಗೆ ಉರುಳಿಯೇ ಹೋಗುತ್ತಾನೆ. ಸಿನಿಮಾ ಅವನನ್ನು ಹೊಗಳುತ್ತಲೇ ಆ ಪ್ರಶ್ನೆಯನ್ನೂ ಇಟ್ಟಿದೆ. ನನಗೆ ಬೇಕಾದದ್ದು ಅಷ್ಟೇ.

ಕಸ್ತೂರಿ ನಿವಾಸಕ್ಕೆ ಬಣ್ಣ ಹಾಕಿ ಬಿಟ್ಟರಲ್ಲ, ಅದನ್ನು ನೋಡಬಹುದಾ?

2014ರಲ್ಲಿ ಬಂತು. ಅದಕ್ಕೂ ಮೊದಲು 2008ರಲ್ಲಿ ಸತ್ಯ ಹರಿಶ್ಚಂದ್ರಕ್ಕೂ ಬಣ್ಣ ಬಂದಿತ್ತು. ಮನೆಯ ಮಕ್ಕಳು ಕಪ್ಪು ಬಿಳುಪು ಅಂದ ಕೂಡಲೇ ಎದ್ದು ಹೋಗುತ್ತಾರೆ ಅಂದರೆ ಬಣ್ಣದ್ದೇ ಹಾಕಿ ಕೂರಿಸಿ. ನೀವೊಬ್ಬರೇ ನೋಡುವುದಾದರೆ ಕಪ್ಪು ಬಿಳುಪು. ಕೊನೆಯಲ್ಲಿ ಆ ಮನೆ ಖಾಲಿ ಖಾಲಿ ಆಗುವುದು ಅದರಲ್ಲೇ ಸರಿಯಾಗಿ ಕಾಣುವುದು.

ಪುಟ್ಟಣ್ಣನವರ ಉಳಿದ ಸಿನಿಮಾಗಳು?

ಬೆಳ್ಳಿಮೋಡ, ಗೆಜ್ಜೆಪೂಜೆ, ಎಡಕಲ್ಲು ಗುಡ್ಡದ ಮೇಲೆ, ಎಲ್ಲವನ್ನೂ ನೋಡಿ. ಪಟ್ಟಿಗೆ ಮಾತ್ರ ಶರಪಂಜರ (1971). ತ್ರಿವೇಣಿ ಅವರ ಕಾದಂಬರಿ. ಎರಡನೇ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಅವಳು ಗುಣವಾಗಿದ್ದಾಳೆ ಅಂತ ನಂಬುವವರು ಯಾರೂ ಇಲ್ಲ. ಅವಳು ಜೋರಾಗಿ ನಕ್ಕರೂ ಜನ ತಿರುಗಿ ನೋಡುತ್ತಾರೆ, ಸುಮ್ನೆ ಕೂತರೂ ತಿರುಗಿ ನೋಡುತ್ತಾರೆ. ಅವಳನ್ನು ಎರಡನೇ ಸಲ ಹುಚ್ಚಿ ಮಾಡುವುದು ಕಾಯಿಲೆ ಅಲ್ಲ, ಗಂಡ ಮತ್ತು ನೆಂಟರು. ಹೆರಿಗೆಯಾದ ಹೆಣ್ಣಿನ ಮನಸ್ಸಿನ ಬಗ್ಗೆ ಮನೆಯಲ್ಲಿ ಬಾಯಿ ಬಿಡಲು ಇವತ್ತಿಗೂ ಹಿಂಜರಿಯುವ ಕಡೆ, ಆವತ್ತು ಇದನ್ನು ಹಾಡು ಕುಣಿತದ ಜೊತೆಗೆ ತುಂಬಿದ ಟಾಕೀಸಿನಲ್ಲಿ ತೋರಿಸಿದರು.

ಕಲ್ಪನಾ ಅವರ ನಟನೆ ಜಾಸ್ತಿ ಆಯಿತು ಅನ್ನುವವರಿದ್ದಾರೆ. ಅವರ ಜೊತೆ ನಾನು ವಾದ ಮಾಡಲ್ಲ. ಕಾವೇರಿ ಜಾಗದಲ್ಲಿ ಮೆತ್ತಗೆ ಇರುವವರು ಯಾರು?

ಈ ಆರ್ಟ್ ಸಿನಿಮಾಗಳು ಬೋರ್ ಅಲ್ವಾ? ನಿಜ ಹೇಳಿ.

ಕೆಲವು ಬೋರೇ. ನಿಧಾನವಾಗಿದ್ದರೆ ಆಳ ಇದೆ ಅಂತ ಅರ್ಥ ಅಲ್ಲ. ಆದರೆ ಆ ಹೆಸರಿಟ್ಟು ಘಟಶ್ರಾದ್ಧವನ್ನು (1977) ಬಿಟ್ಟರೆ ನಷ್ಟ ನಿಮಗೇ.

ಯು.ಆರ್. ಅನಂತಮೂರ್ತಿ ಅವರ ಕಥೆ. ಗಿರೀಶ್ ಕಾಸರವಳ್ಳಿ ಅವರ ಮೊದಲ ಪೂರ್ಣ ಪ್ರಮಾಣದ ಚಿತ್ರ. ಮೊದಲ ಯತ್ನಕ್ಕೇ ಸ್ವರ್ಣಕಮಲ, ಅಂದರೆ ದೇಶದ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ, ಬಂತು. ಮಲೆನಾಡಿನ ಅಗ್ರಹಾರದ ವೇದಪಾಠಶಾಲೆಗೆ ನಾಣಿ ಅನ್ನುವ ಹುಡುಗ ಬರುತ್ತಾನೆ. ಗುರುಗಳ ಮಗಳು ಯಮುನಾ ವಿಧವೆ, ಬಸುರಿ. ಅವಳನ್ನು ಅಕ್ಕ ಅಂತ ಹಚ್ಚಿಕೊಂಡ ಹುಡುಗನ ಕಣ್ಣಿನಿಂದಲೇ ನಾವು ಎಲ್ಲ ನೋಡುತ್ತೇವೆ. ಹುಡುಗನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತದೆ. ನಾವು ಅವನಿಗೆ ಹೇಳುವ ಹಾಗಿಲ್ಲ. ಕತ್ತಲಲ್ಲಿ ಯಮುನಾ ಹಾವಿನ ಹುತ್ತಕ್ಕೆ ಕೈ ಹಾಕುವ ಹೊತ್ತಿನಲ್ಲಿ ಪಕ್ಕದಲ್ಲಿರುವುದು ಆ ಮಗು ಒಂದೇ. ಯಾವ ಥ್ರಿಲ್ಲರ್ ಕೂಡ ನನ್ನನ್ನು ಅಷ್ಟು ಬಿಗಿಯಾಗಿ ಹಿಡಿದು ಕೂರಿಸಿಲ್ಲ. ಬಿ.ವಿ. ಕಾರಂತರ ಸಂಗೀತ, ಎಸ್. ರಾಮಚಂದ್ರ ಅವರ ಕ್ಯಾಮೆರಾ. ಬೋರ್ ಅನ್ನುವವರು ಆ ಭಾಗ ಮುಗಿದ ಮೇಲೆ ನನಗೆ ಹೇಳಲಿ.

ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡಿ ಮಡಕೆ ಒಡೆಯುತ್ತಾನೆ. ಅವಳ ತಲೆ ಬೋಳಿಸಿ ಹೊರಗೆ ಹಾಕುತ್ತಾರೆ. ಆಮೇಲೆ ಅದೇ ಅಪ್ಪನಿಗೆ ಎಳೇ ಹುಡುಗಿಯ ಜೊತೆ ಮದುವೆಯ ಮಾತು. ಇದನ್ನು ಯಾರೂ ಭಾಷಣ ಮಾಡಿ ಹೇಳುವುದಿಲ್ಲ. ಹೋಗುವ ದಾರಿಯಲ್ಲಿ ಕಿವಿಗೆ ಬೀಳುವ ಸುದ್ದಿಯ ಹಾಗೆ ಬರುತ್ತದೆ.

ಇಲ್ಲೂ ನನ್ನ ಅಳತೆಗೋಲು ಕೆಲಸ ಮಾಡುತ್ತದೆಯಾ? ಮಾಡುತ್ತದೆ. ಮೊದಲ ಸಲ ಪಾಠಶಾಲೆಯ ದೊಡ್ಡ ಹುಡುಗರು ಬರೀ ಪೋಲಿಗಳು, ನಾಣಿಯನ್ನು ಹಿಂಸೆ ಮಾಡುವವರು. ಇನ್ನೊಂದು ಸಲ ನೋಡಿದಾಗ ಅವರೂ ಮನೆ ಬಿಟ್ಟು ಬಂದು, ಅರ್ಥವಾಗದ ಮಂತ್ರ ಉರು ಹೊಡೆಯುವ ಮಕ್ಕಳೇ ಅಂತ ಕಾಣುತ್ತದೆ. ಅಪ್ಪ ಉಡುಪರ ಪಕ್ಷ ಮಾತ್ರ ನನ್ನಿಂದ ಆಗಲಿಲ್ಲ.

ಇದರ ಪ್ರಿಂಟನ್ನು ಸರಿಮಾಡಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಹಳೇ ಮಬ್ಬು ವಿಡಿಯೋ ನೋಡಿ ಬಿಟ್ಟವರು ಹೊಸ ಪ್ರತಿ ದೊಡ್ಡ ತೆರೆಯಲ್ಲಿ ಬಂದರೆ ರಜೆ ಹಾಕಿಯಾದರೂ ಹೋಗಿ.

ಕಾಸರವಳ್ಳಿ ಅವರದ್ದೇ ಇನ್ನೊಂದು?

ತಬರನ ಕಥೆ (1986). ಪೂರ್ಣಚಂದ್ರ ತೇಜಸ್ವಿ ಅವರ ಕಥೆ. ಮುನಿಸಿಪಾಲಿಟಿಯಲ್ಲಿ ದುಡಿದ ತಬರನಿಗೆ ಬರಬೇಕಾದ ದುಡ್ಡು ಬರುವುದಿಲ್ಲ. ಅರ್ಜಿ, ಮೇಜು, ‘ನಾಳೆ ಬಾ’. ಅಷ್ಟರಲ್ಲಿ ಹೆಂಡತಿ ಅಪ್ಪಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೆಯುತ್ತದೆ. ಆಪರೇಷನ್‌ಗೆ ದುಡ್ಡಿಲ್ಲ. ತಬರ ಕಟುಕನ ಹತ್ತಿರ ಹೋಗಿ, ಕತ್ತಿ ಇದೆಯಲ್ಲ, ಹೆಂಡತಿಯ ಕಾಲು ಕಡಿದುಕೊಡು ಅಂತ ಕೇಳುತ್ತಾನೆ. ತಮಾಷೆಗಲ್ಲ. ಲೆಕ್ಕ ಹಾಕಿಯೇ ಕೇಳುತ್ತಾನೆ. ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂದದ್ದು ಈ ಪಾತ್ರಕ್ಕೆ. ಚಿತ್ರಕ್ಕೂ ಸ್ವರ್ಣಕಮಲ.

ಸರ್ಕಾರಿ ಕೆಲಸಕ್ಕೆ ಸೇರಿದ ಹೊಸಬರಿಗೆ ಟ್ರೇನಿಂಗ್‌ನಲ್ಲಿ ಇದನ್ನೊಮ್ಮೆ ತೋರಿಸಬೇಕು ಅಂತ ನನ್ನ ಆಸೆ.

ಸಂಸ್ಕಾರ ಯಾಕೆ ಇಲ್ಲ?

ಅದಕ್ಕೆ ಗೌರವ ಇದೆ. 1970ರಲ್ಲಿ ಸೆನ್ಸಾರ್ ತಡೆ ದಾಟಿ ಬಂತು, ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂತು, ಮುಂದಿನ ಎಷ್ಟೋ ಚಿತ್ರಗಳಿಗೆ ಬಾಗಿಲು ತೆಗೆಯಿತು. ನಾರಣಪ್ಪನ ಪಾತ್ರದಲ್ಲಿ ಪಿ. ಲಂಕೇಶ್ ಇದ್ದಾರೆ, ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್. ಆದರೆ ನನಗೆ ಕಾದಂಬರಿಯೇ ಜಾಸ್ತಿ ಹಿಡಿಸಿತು.

ಭೂತಯ್ಯನ ಮಗ ಅಯ್ಯುನಲ್ಲಿ ಉಪ್ಪಿನಕಾಯಿ ಬಿಟ್ಟು ಏನಿದೆ?

ಉಪ್ಪಿನಕಾಯಿಯೇ ಸಾಕು ಅಂತ ಹೇಳುವ ಆಸೆ. ಆ ಒಂದು ದೃಶ್ಯದಿಂದ ಲೋಕನಾಥ್ ಅವರಿಗೆ ಜೀವಮಾನವಿಡೀ ಉಪ್ಪಿನಕಾಯಿ ಅನ್ನುವ ಬಿರುದು ಅಂಟಿಕೊಂಡಿತು. ಬಾಯಲ್ಲಿ ನೀರು ಬರದೆ ಅದನ್ನು ನೋಡಿದವರಿಲ್ಲ.

ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ, ಸಿದ್ದಲಿಂಗಯ್ಯ ಅವರ ನಿರ್ದೇಶನ, 1974. ಊರನ್ನು ಹಿಂಡಿದ ಸಾಹುಕಾರ ಭೂತಯ್ಯ ಸತ್ತರೆ ಹೆಣ ಹೊರಲು ಜನ ಬರುವುದಿಲ್ಲ. ಮಗ ಅಯ್ಯು ಮೇಲೂ ಅದೇ ಹಗೆ. ಅಯ್ಯು ಮತ್ತು ಗುಳ್ಳ ಕೋರ್ಟು ಕೇಸು ಅಂತ ಇಬ್ಬರೂ ಹಾಳಾಗುತ್ತಾರೆ. ಗುಳ್ಳ ವಿಷ್ಣುವರ್ಧನ್, ಹಾಗಾಗಿ ನಾವು ಕಣ್ಣು ಮುಚ್ಚಿ ಅವನ ಕಡೆ. ನಿಧಾನಕ್ಕೆ ಲೋಕೇಶ್ ನಮ್ಮನ್ನು ಅಯ್ಯು ಕಡೆ ಎಳೆದುಕೊಳ್ಳುತ್ತಾರೆ. ಅಪ್ಪನ ಪಾಪವನ್ನು ಮಗ ಎಷ್ಟು ದಿನ ಹೊರಬೇಕು ಅನ್ನುವುದು ಪ್ರಶ್ನೆ. ಪ್ರವಾಹದ ದೃಶ್ಯವನ್ನು ಆ ಕಾಲದಲ್ಲಿ ಹೇಗೆ ತೆಗೆದರೋ, ಈಗ ನೋಡಿದರೂ ಭಯವಾಗುತ್ತದೆ.

ಲೋಕೇಶ್ ಇಷ್ಟವಾದರೆ ಕೂಡಲೇ ಪರಸಂಗದ ಗೆಂಡೆತಿಮ್ಮ (1978) ಹಾಕಿ. ಶ್ರೀಕೃಷ್ಣ ಆಲನಹಳ್ಳಿ ಅವರ ಕಾದಂಬರಿ. ಊರೂರು ತಿರುಗಿ ವ್ಯಾಪಾರ ಮಾಡುವ ಮುಗ್ಧ ತಿಮ್ಮ, ಪೇಟೆಯ ಆಸೆ ಹತ್ತಿದ ಹೆಂಡತಿ ಮರಂಕಿ. ತಿಮ್ಮನಿಗಾಗಿ ಮರುಗುವುದು ಸುಲಭ. ಮರಂಕಿಗೂ ಒಂದು ಬದುಕು ಬೇಕಿತ್ತು ಅನ್ನುವುದು ಎರಡನೇ ಸಲಕ್ಕೆ.

ಶಂಕರ್‌ನಾಗ್ ಅವರದ್ದು ಒಂದೂ ಇಲ್ಲವಾ? ಆಟೋದವರ ಕೈಗೆ ಸಿಕ್ಕೀರಿ.

ಪಟ್ಟಿಯ ಬಾಗಿಲಲ್ಲೇ ನಿಂತಿದೆ ಮಿಂಚಿನ ಓಟ (1980). ಇನ್ನೊಂದು ಆಕ್ಸಿಡೆಂಟ್ (1985). ರಾಜಕಾರಣಿಯ ಮಗ ಫುಟ್‌ಪಾತ್ ಮೇಲೆ ಮಲಗಿದವರ ಮೇಲೆ ಕಾರು ಹತ್ತಿಸುತ್ತಾನೆ, ಅಪ್ಪ ಮುಚ್ಚಿಹಾಕಲು ಹೊರಡುತ್ತಾನೆ. ಇಳಯರಾಜಾ ಸಂಗೀತ. ಪೇಪರ್ ತೆಗೆದರೆ ಈಗಲೂ ಅದೇ ಸುದ್ದಿ ಇರುತ್ತದೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅವರ ಕಾರು ಅಪಘಾತಕ್ಕೆ ಸಿಕ್ಕಿತು. ನಮ್ಮ ಕಡೆಯ ರಸ್ತೆ ಅದು. ಆ ಜಾಗ ದಾಟುವಾಗ ಬಸ್ಸಿನಲ್ಲಿ ಯಾರಾದರೊಬ್ಬರು ಅವರ ಹೆಸರು ಎತ್ತಿಯೇ ಎತ್ತುತ್ತಾರೆ.

ನಗೋಕೆ ಏನಾದರೂ ಹೇಳಿ. ಎಲ್ಲ ಅಳೋ ಸಿನಿಮಾನೇ ಆಯ್ತು.

ಗಣೇಶನ ಮದುವೆ (1990). ಫಣಿ ರಾಮಚಂದ್ರ ಅವರದ್ದು. ಒಂದು ವಠಾರ, ಬಾಡಿಗೆದಾರರು, ಮಾಲೀಕ, ನೀರಿನ ಜಗಳ, ಗೋಡೆಯಾಚೆಯಿಂದ ಕೇಳುವ ಮಾತು. ಎದುರಾಬದುರಾ ಸಿಕ್ಕರೆ ಕಚ್ಚಾಡುವ ಹುಡುಗ ಹುಡುಗಿ, ಪರಿಚಯವೇ ಇಲ್ಲದವರ ಹಾಗೆ ಕಾಗದದಲ್ಲಿ ಪ್ರೀತಿ ಮಾಡುತ್ತಿರುತ್ತಾರೆ. ಅನಂತ್‌ನಾಗ್ ಮತ್ತು ವಿನಯಾ ಪ್ರಸಾದ್. ಮುಖ್ಯಮಂತ್ರಿ ಚಂದ್ರು ಅವರು ಸಿಟ್ಟು ಮಾಡಿಕೊಂಡಷ್ಟೂ ನಮಗೆ ನಗು. ಜ್ವರ ಬಂದು ಮಲಗಿದಾಗ ನನ್ನ ಮನೆಯಲ್ಲಿ ಹಾಕುವುದು ಇದನ್ನೇ. ಎಲ್ಲಿಂದ ಬೇಕಾದರೂ ನೋಡಬಹುದು, ಎಲ್ಲಿ ಬೇಕಾದರೂ ನಿದ್ದೆ ಮಾಡಬಹುದು.

ಇದು ನನ್ನ ಅಳತೆಗೋಲಿಗೆ ಸರಿಹೋಗುತ್ತದೆಯಾ ಅಂತ ಕೇಳಬೇಡಿ. ಕೆಲವಕ್ಕೆ ಟಿಕೆಟ್ ಕೇಳಬಾರದು.

ಹೊಸ ಸಿನಿಮಾ ನೋಡೋದೇ ಇಲ್ವಾ ನೀವು?

ನೋಡುತ್ತೇನೆ. ಕಳೆದ ಹತ್ತು ಹದಿನೈದು ವರ್ಷದಲ್ಲಿ ಬಂದದ್ದರಲ್ಲಿ ತಿಥಿಗಿಂತ ದೊಡ್ಡದು ನನಗೆ ಇಲ್ಲ. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಜೊತೆ ಸೇರಿ ಬರೆದದ್ದು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಊರಿನವರನ್ನೇ ಹಾಕಿ ತೆಗೆದದ್ದು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು, ಮರು ವರ್ಷ ನಮ್ಮ ಟಾಕೀಸಿಗೆ ಬಂತು.

ಶುರುವಾಗುವುದೇ ನೂರು ದಾಟಿದ ಸೆಂಚುರಿ ಗೌಡನಿಂದ. ರಸ್ತೆ ಬದಿ ಕೂತು ಹೋಗಿ ಬರುವವರನ್ನೆಲ್ಲ ವಾಚಾಮಗೋಚರ ಬೈಯುತ್ತಾನೆ. ಎದ್ದು ಮೂತ್ರಕ್ಕೆ ಹೋಗುತ್ತಾನೆ, ಅಲ್ಲೇ ಬಿದ್ದು ಸಾಯುತ್ತಾನೆ. ಅಷ್ಟೇ. ಹಿನ್ನೆಲೆ ಸಂಗೀತ ಇಲ್ಲ, ಯಾರ ಗೋಳಾಟವೂ ಇಲ್ಲ. ಹನ್ನೊಂದನೇ ದಿನದ ತಿಥಿಗೆ ಕುರಿ ಬೇಕು, ದುಡ್ಡು ಬೇಕು. ಮಗ ಗಡ್ಡಪ್ಪನಿಗೆ ಯಾವುದೂ ಬೇಡ, ಬಾಟಲಿ ಜೇಬಿನಲ್ಲಿಟ್ಟುಕೊಂಡು ಹೊಲದ ಬದು ಹಿಡಿದು ನಡೆಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು. ಜಮೀನು ಇರುವುದು ಅಜ್ಜನ ಹೆಸರಲ್ಲಿ. ಬದುಕಿರುವ ಅಪ್ಪನನ್ನು ಕಾಗದದಲ್ಲಿ ಸಾಯಿಸದೆ ಕೆಲಸ ಆಗಲ್ಲ. ಮರಿಮಗ ಅಭಿಗೆ ಕುರಿ ಕಾಯುವ ಹುಡುಗಿ ಒಬ್ಬಳೇ ಪ್ರಪಂಚ.

ಗಡ್ಡಪ್ಪನನ್ನು ಇಡೀ ಕರ್ನಾಟಕ ಎತ್ತಿಕೊಂಡು ಕುಣಿಯಿತು. ನಾನೂ ಕುಣಿದೆ. ಈಚೆಗೆ ನೋಡಿದಾಗ ಪಾಪ ಅನ್ನಿಸಿದ್ದು ತಮ್ಮಣ್ಣ. ಪಹಣಿ, ಲಂಚ, ಬಡ್ಡಿ ಸಾಲ, ತಿಥಿ ಊಟಕ್ಕೆ ಎಷ್ಟು ಜನ ಅನ್ನುವ ಲೆಕ್ಕ, ಎಲ್ಲವೂ ಅವನೊಬ್ಬನ ತಲೆಯ ಮೇಲೆ. ಮನೆಯಲ್ಲಿ ಒಬ್ಬ ಗಡ್ಡಪ್ಪ ಇರಬೇಕಾದರೆ ಇನ್ನೊಬ್ಬ ತಮ್ಮಣ್ಣ ಆಗಲೇಬೇಕು.

ಉಳಿದವರು ಕಂಡಂತೆ (2014) ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಲ್ಪೆಯ ಒಂದು ಸಾವನ್ನು ಬೇರೆ ಬೇರೆಯವರು ಕಂಡ ಹಾಗೆ ಹೇಳುವುದೇ ಅದರ ಕಥೆ. ನನ್ನಂಥವರಿಗೆ ಅಂತಲೇ ಮಾಡಿದ್ದು. ರಕ್ಷಿತ್ ಶೆಟ್ಟಿ ಬರೆದು, ನಿರ್ದೇಶಿಸಿ, ನಟಿಸಿದ್ದಾರೆ. ಹುಲಿವೇಷದ ತಾಸೆ ಸದ್ದು ಕೇಳುವುದಕ್ಕಾದರೂ ಒಳ್ಳೆ ಸ್ಪೀಕರಿನಲ್ಲಿ ಹಾಕಿ. ಇದರ ಜೊತೆಗೆ ಒಂದು ಮೊಟ್ಟೆಯ ಕಥೆ (2017), ಡೇರ್‌ಡೆವಿಲ್ ಮುಸ್ತಾಫಾ (2023). ಎರಡೂ ಖುಷಿ ಕೊಟ್ಟವು.

ಕೆಜಿಎಫ್?

ಟಾಕೀಸಿನಲ್ಲಿ ಮಜಾ ಬಂತು. ಪಟ್ಟಿಯಲ್ಲಿ ಇಲ್ಲ.

ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ?

ಸತ್ಯಜಿತ್ ರಾಯ್ ಅವರ ಪಥೇರ್ ಪಾಂಚಾಲಿ (1955) ಮೊದಲು. ಅಪು ಮತ್ತು ದುರ್ಗಾ ರೈಲು ನೋಡಲು ಓಡುವ ದೃಶ್ಯವನ್ನು ಎಲ್ಲರೂ ಹೇಳುತ್ತಾರೆ. ನನಗೆ ಈಗ ಕಾಡುವುದು ಅಮ್ಮ ಸರ್ಬಜಯಾ. ಮುದುಕಿ ಇಂದಿರ್ ಅತ್ತೆಯನ್ನು ಗದರಿ ಮನೆಯಿಂದ ಹೊರಡಿಸುವ ಹೆಂಗಸನ್ನು ಮೊದಲು ಬೈಯುತ್ತೇವೆ. ಡಬ್ಬಿಯಲ್ಲಿ ಎಷ್ಟು ಅಕ್ಕಿ ಇದೆ ಅಂತ ಆ ಮನೆಯಲ್ಲಿ ಗೊತ್ತಿರುವುದು ಅವಳೊಬ್ಬಳಿಗೇ ಅಂತ ಆಮೇಲೆ ಹೊಳೆಯುತ್ತದೆ.

ಡಿ ಸೀಕಾ ಅವರ ಬೈಸಿಕಲ್ ಥೀವ್ಸ್ (1948). ಸೈಕಲ್ ಕಳೆದುಕೊಂಡವನೇ ಕೊನೆಗೆ ಸೈಕಲ್ ಕದಿಯುತ್ತಾನೆ, ಮಗನ ಕಣ್ಣೆದುರೇ ಸಿಕ್ಕಿಬೀಳುತ್ತಾನೆ. ಹಾಗಿದ್ದರೆ ಮೊದಲ ಕಳ್ಳನ ಮನೆಯಲ್ಲೂ ಒಬ್ಬ ಮಗ ಇರಬಹುದಲ್ವಾ? ಒಜು ಅವರ ಟೋಕಿಯೋ ಸ್ಟೋರಿ (1953). ಊರಿಂದ ಬಂದ ಅಪ್ಪ ಅಮ್ಮನಿಗೆ ಮಕ್ಕಳ ಹತ್ತಿರ ಟೈಮಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಊರಲ್ಲಿ ಅಪ್ಪ ಅಮ್ಮನನ್ನು ಬಿಟ್ಟವರು ಅದನ್ನು ಒಬ್ಬರೇ ಕೂತು ನೋಡಿ. ಇರಾನಿನ ಕಿಯರೊಸ್ತಾಮಿ ಅವರದ್ದೂ ಒಂದಿದೆ, ಗೆಳೆಯನ ನೋಟ್‌ಬುಕ್ ವಾಪಸ್ ಕೊಡಲು ಪಕ್ಕದೂರಿಗೆ ಓಡುವ ಹುಡುಗನ ಕಥೆ, 1987ರದ್ದು. ಸಬ್‌ಟೈಟಲ್ ಓದದಿದ್ದರೂ ಅರ್ಧಕ್ಕರ್ಧ ಅರ್ಥವಾಗುತ್ತದೆ.

ಮಕ್ಕಳ ಜೊತೆ ಕೂತು ನೋಡೋಕೆ?

ಬೆಟ್ಟದ ಹೂವು (1985). ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ. ಕುವೆಂಪು ಅವರ ರಾಮಾಯಣ ದರ್ಶನಂ ಪುಸ್ತಕ ಕೊಳ್ಳಬೇಕು ಅಂತ ಕಾಡಿನಲ್ಲಿ ಹೂವು ಹುಡುಕಿ ಕಾಸು ಕೂಡಿಡುವ ರಾಮು. ಕೊನೆಗೆ ಆ ದುಡ್ಡಿನಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ಪುನೀತ್ ಅವರಿಗೆ ಬಾಲನಟನಾಗಿ ರಾಷ್ಟ್ರಪ್ರಶಸ್ತಿ ಕೊಟ್ಟ ಪಾತ್ರ. ಮೊದಲು ಇದನ್ನು ಆರಾಮಾಗಿ ನೋಡುತ್ತಿದ್ದೆ. 2021ರ ಅಕ್ಟೋಬರ್ ಆದ ಮೇಲೆ ‘ಬಿಸಿಲೇ ಇರಲಿ ಮಳೆಯೇ ಬರಲಿ’ ಹಾಡು ಬಂದಾಗ ಎದ್ದು ಅಡುಗೆಮನೆ ಕಡೆ ಹೋಗಿಬಿಡುತ್ತೇನೆ.

ಚಿನ್ನಾರಿ ಮುತ್ತ, ಕೊಟ್ರೇಶಿ ಕನಸು ಕೂಡ ಮಕ್ಕಳಿಗೆ ಹಿಡಿಸುತ್ತವೆ.

ಹಾಡಿಗೋಸ್ಕರವೇ ನೋಡುವ ಸಿನಿಮಾ?

ಹಂಸಗೀತೆ (1975). ಜಿ.ವಿ. ಅಯ್ಯರ್. ಮತ್ತೆ ತ.ರಾ.ಸು., ಮತ್ತೆ ಚಿತ್ರದುರ್ಗ. ಏನ್ಮಾಡಲಿ, ನಮ್ಮೂರು. ಗಾಯಕ ಭೈರವಿ ವೆಂಕಟಸುಬ್ಬಯ್ಯನಾಗಿ ಅನಂತ್‌ನಾಗ್, ದನಿ ಬಾಲಮುರಳಿಕೃಷ್ಣ ಅವರದ್ದು. ಹಾಡಿದ್ದಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಇನ್ನೊಂದು ಸನಾದಿ ಅಪ್ಪಣ್ಣ. ರಾಜ್‌ಕುಮಾರ್ ಊದಿದ ಹಾಗೆ ಕಾಣುವ ಆ ಶಹನಾಯಿ ಬಿಸ್ಮಿಲ್ಲಾ ಖಾನ್ ಅವರದ್ದು.

ಕಾದಂಬರಿ ಮೊದಲು ಓದಬೇಕಾ, ಸಿನಿಮಾ ಮೊದಲು ನೋಡಬೇಕಾ?

ಸಿನಿಮಾ ಮೊದಲು. ಕಾದಂಬರಿ ಓದಿ ಬಂದವರು ಪಕ್ಕದಲ್ಲಿ ಕೂತು ‘ಇಲ್ಲಿ ಹೀಗಿರಲಿಲ್ಲ’ ಅಂತ ಪಿಸುಗುಡುತ್ತಾರೆ. ಬರೆದವರಿಗೇ ಸಮಾಧಾನ ಆಗದ ಉದಾಹರಣೆಗಳಿವೆ. ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದರು ಅಂತ ತ.ರಾ.ಸು. ಮುನಿಸಿಕೊಂಡರು ಅನ್ನುವುದು ಎಲ್ಲರ ಬಾಯಲ್ಲಿರುವ ಮಾತು. ಎರಡನ್ನೂ ಬಲ್ಲವರಿಗೆ ಎರಡು ಹಾವೂ ಇಷ್ಟ.

ಇವೆಲ್ಲ ಎಲ್ಲಿ ಸಿಗುತ್ತವೆ?

ಹಳೆಯವು ಹೆಚ್ಚಿನವು ಯೂಟ್ಯೂಬಿನಲ್ಲಿ ಸಿಗುತ್ತವೆ. ಪ್ರಿಂಟ್ ಹೇಗಿರುತ್ತದೆ ಅನ್ನುವುದು ನಿಮ್ಮ ಅದೃಷ್ಟ. ಒಂದೇ ಸಿನಿಮಾದ ಎರಡು ಮೂರು ಅಪ್‌ಲೋಡ್ ಇದ್ದರೆ ಉದ್ದ ಜಾಸ್ತಿ ಇರುವುದನ್ನು ಆರಿಸಿ, ಕತ್ತರಿ ಬಿದ್ದಿರುವುದು ಕಡಿಮೆ. ಬೆಂಗಳೂರಿನಲ್ಲಿದ್ದರೆ ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿ ಕಡೆ ಕಣ್ಣಿಡಿ, ವರ್ಷಕ್ಕೊಮ್ಮೆ ನಡೆಯುವ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಪಾಸ್ ಮಾಡಿಸಿ. ಮೊದಲ ಕನ್ನಡ ಟಾಕಿ ಸತಿ ಸುಲೋಚನ (1934) ಮಾತ್ರ ಎಲ್ಲೂ ಸಿಗಲ್ಲ. ಪ್ರಿಂಟೇ ಉಳಿದಿಲ್ಲ.

ಇವತ್ತು ರಾತ್ರಿ ಒಂದೇ ನೋಡೋದಾದರೆ?

ಮನೆಯವರೆಲ್ಲ ಇದ್ದರೆ ಗಣೇಶನ ಮದುವೆ. ಅಪ್ಪನ ಜೊತೆ ಈಚೆಗೆ ಮಾತು ಕಡಿಮೆಯಾಗಿದ್ದರೆ ಕಸ್ತೂರಿ ನಿವಾಸ, ಇಬ್ಬರೂ ಒಂದೇ ಕಡೆ ಅಳುತ್ತೀರಿ. ಒಬ್ಬರೇ ಇದ್ದರೆ ತಿಥಿ. ಆದರೆ ಊಟ ಮುಗಿಸಿ ಕೂರಿ. ಕೊನೆಯಲ್ಲಿ ದೊಡ್ಡ ದೊಡ್ಡ ಪಾತ್ರೆಯಲ್ಲಿ ಮಟನ್ ಬೇಯುತ್ತದೆ, ಆ ಹೊತ್ತಿನಲ್ಲಿ ಯಾವ ಹೋಟೆಲೂ ತೆರೆದಿರಲ್ಲ.